ಯಾವ ಗೆರೆ ಯಾರದು ಅಂತ ಕೇಳಬೇಡಿ

ಓದುಗರೊಬ್ಬರ ಪತ್ರ: “ಸಂಪಾದಕರೇ, ನಾನು ಮಕ್ಕಳ ಕಥೆಗಳಿಗೆ ಚಿತ್ರ ಬರೆಯುವವಳು. ಮಕ್ಕಳ ಪುಸ್ತಕಗಳಿಗೆ ಜೋಡಿಯಾಗಿ ಚಿತ್ರ ಬರೆದ ಅಮೆರಿಕದ ಲಿಯೋ ಮತ್ತು ಡಯಾನ್ ಡಿಲ್ಲನ್ ದಂಪತಿಯ ಚಿತ್ರಗಳೆಂದರೆ ನನಗೆ ಪ್ರಾಣ. ಅವನ್ನು ನೋಡಿ ನೋಡಿ ಬರೆದು ಮೂರು ಡ್ರಾಯಿಂಗ್ ಪುಸ್ತಕ ತುಂಬಿಸಿದ್ದೇನೆ. ಈಗ ಗೆಳತಿಯೊಬ್ಬಳು ‘ಇಬ್ಬರೂ ಸೇರಿ ಒಂದು ಪುಸ್ತಕ ಮಾಡೋಣ’ ಅನ್ನುತ್ತಿದ್ದಾಳೆ. ಅವಳ ಕೈ ಚೆನ್ನಾಗಿದೆ. ಆದರೆ ನನ್ನ ಗೆರೆ ಅವಳ ಗೆರೆಯಲ್ಲಿ ಕರಗಿಹೋದರೆ ನನ್ನತನ ಅಂತ ಏನು ಉಳಿಯುತ್ತದೆ? ಒಬ್ಬಳೇ ಮಾಡುವುದು ಮೇಲಲ್ವಾ?”

ಉತ್ತರ:

ನಿಮ್ಮ ಪತ್ರ ಓದಿ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ. ಒಂದು ಜೋಡಿಯನ್ನು ಇಷ್ಟು ಹಚ್ಚಿಕೊಂಡವರು ‘ಒಬ್ಬಳೇ ಮಾಡುವುದು ಮೇಲಲ್ವಾ’ ಅಂತ ಕೇಳುತ್ತೀರಲ್ಲ! ಮೂರು ಪುಸ್ತಕದ ತುಂಬಾ ಅವರ ಹುಲಿ, ಹಾವು, ಹಕ್ಕಿ ಬರೆದಿದ್ದೀರಿ. ಅವರು ಕೆಲಸ ಮಾಡಿದ ರೀತಿಯ ಹತ್ತಿರ ಮಾತ್ರ ಹೋಗಿಲ್ಲ.

ಒಬ್ಬರೇ ಕೂತು ಮಾಡುವ ಕೆಲಸಕ್ಕೆ ಅದರದ್ದೇ ಸುಖ ಇದೆ, ಒಪ್ಪುತ್ತೇನೆ. ಯಾರಿಗೂ ಜವಾಬು ಹೇಳಬೇಕಿಲ್ಲ. ಕೆಟ್ಟರೆ ಹರಿದು ಬಿಸಾಕಬಹುದು. ಆ ಮಾತು ಅಲ್ಲಿಗೆ ಬಿಡೋಣ.

ಈ ಇಬ್ಬರ ಕಥೆಯನ್ನೇ ನೋಡಿ. ಇಬ್ಬರೂ ಹುಟ್ಟಿದ್ದು 1933ರ ಮಾರ್ಚ್‌ನಲ್ಲಿ, 11 ದಿನಗಳ ಅಂತರದಲ್ಲಿ. ಲಿಯೋ ಬ್ರೂಕ್ಲಿನ್‌ನವರು, ಡಯಾನ್ ಕ್ಯಾಲಿಫೋರ್ನಿಯಾದವರು. ನ್ಯೂಯಾರ್ಕಿನ ಪಾರ್ಸನ್ಸ್ ಕಲಾಶಾಲೆಯಲ್ಲಿ ಲಿಯೋ ಒಂದು ದಿನ ಗೋಡೆಗೆ ತೂಗುಹಾಕಿದ್ದ ಚಿತ್ರವೊಂದನ್ನು ನೋಡಿದರು. ಬರೀ ಒಂದು ಕುರ್ಚಿ. ನಮ್ಮ ಕ್ಲಾಸಿನ ಯಾರಿಂದಲೂ ಹೀಗೆ ಬರೆಯಲು ಆಗುವುದಿಲ್ಲ, ಇದು ಯಾರೋ ಹೊಸಬರದೇ ಇರಬೇಕು ಅಂದುಕೊಂಡರು. ಆ ಹೊಸಬರು ಡಯಾನ್. ಅಲ್ಲಿಂದ ಶುರುವಾಗಿದ್ದು ಪ್ರೀತಿ ಮಾತ್ರ ಅಲ್ಲ, ಜಿದ್ದಾಜಿದ್ದಿ. ಅವಳಿಗಿಂತ ನಾನು ಮೇಲು, ಅವನಿಗಿಂತ ನಾನು ಮೇಲು.

1957ರಲ್ಲಿ ಮದುವೆಯಾದರು. ಲಿಯೋ ಕರಿಯ, ಡಯಾನ್ ಬಿಳಿಯ ಹೆಣ್ಣುಮಗಳು. ಅಂಥ ಮದುವೆಯನ್ನು ತಡೆಯುವ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲಿ ಆಗ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿದ್ದು 1967ರಲ್ಲಿ. ಊರೆಲ್ಲ ಎದುರು ನಿಂತಿರುವಾಗ ಮನೆಯೊಳಗೂ ಪೈಪೋಟಿ ಇಟ್ಟುಕೊಂಡರೆ ಸಂಸಾರ ನಡೆಯುತ್ತದಾ? ಒಂದೇ ಕೆಲಸಕ್ಕೆ ಇಬ್ಬರು ಕೈಚಾಚುವ ಬದಲು ಇಬ್ಬರೂ ಸೇರಿ ಒಬ್ಬ ಕಲಾವಿದ ಆಗೋಣ ಅಂತ ತೀರ್ಮಾನಿಸಿದರು.

ಅದೂ ಹೇಗೆ? ‘ನೀನು ಮುಖ ಬರೆ, ನಾನು ಮರ ಬರೆಯುತ್ತೇನೆ’ ಅಂತ ಪಾಲು ಮಾಡಿಕೊಂಡಿದ್ದಲ್ಲ. ಒಂದೇ ಹಾಳೆ ಇವರ ಮೇಜಿನಿಂದ ಅವರ ಮೇಜಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ ಓಡಾಡುತ್ತಿತ್ತು. ಮುಗಿಯುವ ಹೊತ್ತಿಗೆ ಯಾವುದನ್ನು ಯಾರು ಮಾಡಿದ್ದು ಅಂತ ಅವರಿಗೇ ಹೇಳಲು ಆಗದ ಚಿತ್ರಗಳಿದ್ದವು. ಅವನ್ನು ಮಾಡಿದ್ದು ‘ಮೂರನೆಯ ಕಲಾವಿದ’ ಅನ್ನುತ್ತಿದ್ದರು. ಲಿಯೋ ಅಲ್ಲ, ಡಯಾನ್ ಅಲ್ಲ, ಇಬ್ಬರೂ ಕೂತಾಗ ಮಾತ್ರ ಬರುವ ಇನ್ನೊಬ್ಬ.

ಈ ಮೂರನೆಯವನ ಕೈಚಳಕ ನೋಡಬೇಕಾದರೆ ಅವರು ಚಿತ್ರ ಬರೆದ ಸೊಳ್ಳೆಯ ಕಥೆಯ ಪುಸ್ತಕ ತೆಗೆಯಿರಿ. ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಪಶ್ಚಿಮ ಆಫ್ರಿಕಾದ ಕಥೆ, ಮತ್ತೆ ಹೇಳಿದವರು ವರ್ನಾ ಆರ್ಡೆಮಾ. ಸೊಳ್ಳೆ ಒಂದು ಸುಳ್ಳು ಹೇಳುತ್ತದೆ. ಅದನ್ನು ಕೇಳಲಾರದೆ ಇಗ್ವಾನಾ ಅನ್ನುವ ದೊಡ್ಡ ಹಲ್ಲಿ ಕಿವಿಗೆ ಕಡ್ಡಿ ತುರುಕಿಕೊಳ್ಳುತ್ತದೆ. ಒಂದರಿಂದ ಒಂದಾಗಿ ಕೊನೆಗೆ ಸೂರ್ಯ ಹುಟ್ಟುವುದೇ ನಿಂತುಹೋಗುತ್ತದೆ. ಅದರಲ್ಲಿ ಒಂದು ಜಿಂಕೆ ಬರುತ್ತದೆ, ನೆನಪಿದೆಯಾ? ಸಿಂಹರಾಜನ ಸಭೆಗೆ ಪ್ರಾಣಿಗಳನ್ನು ಕರೆತರುವುದಷ್ಟೇ ಅದರ ಕೆಲಸ. ಬರೀ ಜವಾನ. ಡಿಲ್ಲನ್ ದಂಪತಿ ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಇವನಿಗೂ ಮುಂದೆ ಬಂದು ಕಾಣಿಸಿಕೊಳ್ಳುವ ಆಸೆ ಇರಬಹುದಲ್ವಾ ಅಂತ ಯೋಚಿಸಿದರು. ಅದಕ್ಕೇ ಆ ಜಿಂಕೆ ಸಂದಿಯಲ್ಲಿ ಇಣುಕುತ್ತದೆ, ಹಲ್ಲು ಕಿರಿಯುತ್ತದೆ, ಮುಂದಕ್ಕೆ ನುಗ್ಗಲು ನೋಡುತ್ತದೆ. ಇನ್ನೊಂದು ಪುಟ್ಟ ಕೆಂಪು ಹಕ್ಕಿ. ಕಥೆಯ ಮಾತಿನಲ್ಲಿ ಅದಿಲ್ಲವೇ ಇಲ್ಲ. ಚಿತ್ರಗಳಲ್ಲಿ ಮಾತ್ರ ಎಲ್ಲವನ್ನೂ ನೋಡುತ್ತಾ ಹಿಂಬಾಲಿಸುತ್ತದೆ. ಮುಂದಿನವರಿಗೆ ಕಥೆ ಹೇಳುವವಳು ಇವಳೇ ಅನ್ನುವುದು ಅವರ ಲೆಕ್ಕ. ಇಂಥ ತಮಾಷೆ ಒಬ್ಬರೇ ಕೂತಾಗ ಹುಟ್ಟುವುದು ಕಷ್ಟ. ‘ಇವನು ಹೀಗೆ ಇಣುಕಿದರೆ?’ ಅಂತ ಒಬ್ಬರು ಅನ್ನಬೇಕು, ಇನ್ನೊಬ್ಬರು ನಗಬೇಕು.

ಆ ಪುಸ್ತಕಕ್ಕೆ 1976ರ ಕಾಲ್ಡೆಕಾಟ್ ಪದಕ ಬಂತು, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕದ ಚಿತ್ರಗಳಿಗೆ ಕೊಡುವ ಪ್ರಶಸ್ತಿ. 1977ರಲ್ಲಿ ಮತ್ತೆ ಅವರಿಗೇ, ಇಂಗ್ಲಿಷ್ ಅಕ್ಷರಕ್ಕೊಂದರಂತೆ ಆಫ್ರಿಕಾದ 26 ಜನಾಂಗಗಳನ್ನು ಪರಿಚಯಿಸುವ ಪುಸ್ತಕಕ್ಕೆ. ಎರಡು ವರ್ಷ ಸಾಲಾಗಿ ಆ ಪದಕ ಗೆದ್ದವರು ಬೇರೆ ಯಾರೂ ಇಲ್ಲ. ಆ ಎರಡನೆಯ ಪುಸ್ತಕದಲ್ಲಿ ಚೌಕಟ್ಟಿನ ಮೂಲೆ ನೋಡಿ. ಅಲ್ಲಿ ಹೆಣೆದ ಗಂಟು ಇದೆ, ನೈಜೀರಿಯಾದ ಕಾನೋ ಊರಿನ ಹೆಸರಿನ ಕಾನೋ ಗಂಟು. ಎಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ಹುಡುಕಿ. ನಾನು ಹುಡುಕಿ ಸೋತಿದ್ದೇನೆ.

ಈಗ ನಿಮ್ಮ ‘ನನ್ನತನ’ದ ಭಯ. 2012ರಲ್ಲಿ ಲಿಯೋ ತೀರಿಕೊಂಡರು. 55 ವರ್ಷದ ಸಂಸಾರ, ಅಷ್ಟೂ ವರ್ಷ ಒಂದೇ ಹಾಳೆ. ನಿಮ್ಮ ಲೆಕ್ಕದಲ್ಲಿ ಡಯಾನ್ ಅವರ ಸ್ವಂತದ್ದು ಏನೂ ಉಳಿದಿರಬಾರದಿತ್ತು. ಅವರು 2018ರಲ್ಲಿ, 85ರ ಆಸುಪಾಸಿನಲ್ಲಿ, ತಾವೇ ಬರೆದು ತಾವೇ ಚಿತ್ರ ಹಾಕಿದ ಪುಸ್ತಕ ಹೊರತಂದರು. ಕರಗಿಹೋದ ಕೈ ಅದನ್ನು ಮಾಡುತ್ತದಾ?

ನಾನೂ ನಿಮ್ಮ ಹಾಗೇ ಇದ್ದೆ, ಹೇಳಿಬಿಡುತ್ತೇನೆ. ಉಪಸಂಪಾದಕನಾಗಿದ್ದಾಗ ಒಂದು ಲೇಖನ ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಮೊದಲ ಎರಡು ಪ್ಯಾರಾಕ್ಕೆ ಹಸಿರು ಶಾಯಿಯಲ್ಲಿ ಅಡ್ಡ ಗೀಟು ಎಳೆದು, ಆ ಜಾಗಕ್ಕೆ ಒಂದೇ ಸಾಲು ಸೇರಿಸಿದರು. ನಾನು ಎರಡು ದಿನ ಅವರ ಜೊತೆ ಊಟಕ್ಕೆ ಕೂರಲಿಲ್ಲ. ಲೇಖನ ಅಚ್ಚಾದ ಮೇಲೆ ಹತ್ತಾರು ಜನ ಮೆಚ್ಚಿ ಬರೆದರು. ಅದರಲ್ಲಿ ಅರ್ಧ ಜನ ಎತ್ತಿ ಆಡಿದ್ದು ಆ ಸಾಲನ್ನೇ. ನಾನು ಸುಮ್ನೆ ‘ಥ್ಯಾಂಕ್ಸ್’ ಅಂದುಕೊಂಡು ತಿರುಗಿದೆ. ಇವತ್ತಿನವರೆಗೂ ಯಾರಿಗೂ ಬಾಯಿಬಿಟ್ಟಿರಲಿಲ್ಲ.

ತಪ್ಪು ನಮ್ಮದೊಂದೇ ಅಲ್ಲ ಬಿಡಿ. ಸ್ಲೇಟು ಹಿಡಿದ ದಿನದಿಂದ ‘ಪಕ್ಕದವರದ್ದು ನೋಡಬೇಡ’ ಅಂತಲೇ ಕೇಳಿ ಬೆಳೆದವರು ನಾವು. ಕೈಯಡ್ಡ ಇಟ್ಟುಕೊಂಡು ಬರೆಯುವುದನ್ನು ಕಲಿತೆವು. ದೊಡ್ಡವರಾದ ಮೇಲೂ ಆ ಕೈ ಸರಿಯುವುದಿಲ್ಲ. ಜೋಡಿಯ ಕೆಲಸ ಕಂಡರೆ ಜನ ಕೇಳುವ ಮೊದಲ ಪ್ರಶ್ನೆಯೇ ‘ಇದರಲ್ಲಿ ನಿಮ್ಮದು ಯಾವುದು?’ ಅಣ್ಣತಮ್ಮಂದಿರ ಜಮೀನು ಅಳೆಯುವ ಹಾಗೆ ಚಿತ್ರವನ್ನೂ ಅಳೆಯುತ್ತಾರೆ.

ಇನ್ನು ಪ್ರಕಾಶಕರು. ಕಥೆ ಬರೆದವರ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ಮಗು ನೋಡುವುದು ಮೊದಲು ಚಿತ್ರವನ್ನು. ಆ ಚಿತ್ರ ಬರೆದವರ ಹೆಸರು ಒಳಗೆ, ಮುದ್ರಕರ ವಿಳಾಸದ ಪಕ್ಕ, ಕನ್ನಡಕ ಹಾಕಿಕೊಂಡು ಹುಡುಕುವಷ್ಟು ಸಣ್ಣಕ್ಷರದಲ್ಲಿ. ಇಬ್ಬರು ಬರೆದಿದ್ದರಂತೂ ‘ಮತ್ತು ಇತರರು’. ಬೇರೆಯವರಿಗೆ ಬೈಯುವಾಗ ನಮ್ಮ ಪತ್ರಿಕೆಯನ್ನು ಬಿಡುವುದು ನ್ಯಾಯವಲ್ಲ. ನಾವೂ ವರ್ಷಗಟ್ಟಲೆ ಅದೇ ಮಾಡಿದ್ದೇವೆ.

ನೋಡಿ ಬರೆಯುವುದನ್ನು ನಿಲ್ಲಿಸಬೇಡಿ, ಕೈ ಪಳಗುವುದು ಹಾಗೇ. ಆದರೆ ನಾಲ್ಕನೆಯ ಡ್ರಾಯಿಂಗ್ ಪುಸ್ತಕವನ್ನು ಗೆಳತಿಯ ಮೇಜಿನ ಮೇಲಿಡಿ. ನೀವು ಅರ್ಧ ಬರೆದ ಪುಟವನ್ನೇ ಕೊಡಿ. ಅವಳು ನಿಮ್ಮ ಇಷ್ಟದ ಗೆರೆಯನ್ನು ಅಳಿಸಿದರೆ ಒಂದು ದಿನ ಮಾತು ಬಿಡಿ ಬೇಕಾದರೆ. ಎರಡು ದಿನ ಜಾಸ್ತಿಯಾಯಿತು. ಒಂದು ಚಿತ್ರ ಮುಗಿದ ಮೇಲೆ ನನಗೆ ಕಳಿಸಿ, ಹಿಂಬದಿಯಲ್ಲಿ ಯಾವುದು ಯಾರದು ಅಂತ ಬರೆಯದೆ. ಚೆನ್ನಾಗಿದ್ದರೆ ಅಚ್ಚು ಹಾಕುತ್ತೇನೆ. ಹೆಸರು ಇಬ್ಬರದೂ ಬರುತ್ತದೆ, ಒಂದೇ ಅಳತೆಯ ಅಕ್ಷರದಲ್ಲಿ, ಚಿತ್ರದ ಕೆಳಗೇ.

— ಸಂ.