ಪ್ರತಿಕಾಯ ಇದ್ದರೂ ತುಟಿಯ ಹರ್ಪಿಸ್ ಗುಳ್ಳೆ ಮತ್ತೆ ಯಾಕೆ ಬರುತ್ತದೆ?

ಪ್ರತಿಕಾಯ (ಆ್ಯಂಟಿಬಾಡಿ), ಅಂದರೆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು, ಇದ್ದರಷ್ಟೇ ಸಾಲದು. ಅದು ಪೂರ್ತಿ ಕೆಲಸ ಮಾಡದಂತೆ ಹರ್ಪಿಸ್ ವೈರಸ್ ಅಡ್ಡಗಟ್ಟುತ್ತದೆ. ಕಾಸರಗೋಡಿನ ಲ್ಯಾಬಿನ ರಿಪೋರ್ಟಿನಲ್ಲಿ ‘ಐಜಿಜಿ ಪಾಸಿಟಿವ್’ (ಐಜಿಜಿ ಎಂಬ ಬಗೆಯ ಪ್ರತಿಕಾಯ ರಕ್ತದಲ್ಲಿದೆ) ಅಂತ ಬಂದರೂ ಗುಳ್ಳೆ ಮರಳಿತು ಅಂದಿರಲ್ವಾ? ನಿಮ್ಮ ರೋಗನಿರೋಧಕ ಶಕ್ತಿ ಕೆಟ್ಟಿದೆ ಅಂತ ಸುಮ್ನೆ ಹೆದರಬೇಡಿ.

ಐಜಿಜಿ ಪ್ರತಿಕಾಯಕ್ಕೆ ಎರಡು ತೋಳು, ಒಂದು ಬಾಲ. ತೋಳು ವೈರಸ್ಸನ್ನು ಹಿಡಿಯುತ್ತದೆ. ಬಾಲ ರಕ್ಷಣಾ ಕೋಶಗಳನ್ನೂ, ರಕ್ತದಲ್ಲಿರುವ ‘ಕಾಂಪ್ಲಿಮೆಂಟ್’ ಎಂಬ ರಕ್ಷಣಾ ಪ್ರೋಟೀನುಗಳನ್ನೂ ಕರೆಯುತ್ತದೆ. ತುಟಿಯ ಗುಳ್ಳೆಗೆ ಸಾಮಾನ್ಯವಾಗಿ ಕಾರಣವಾಗುವ ಹರ್ಪಿಸ್ ಸಿಂಪ್ಲೆಕ್ಸ್ 1 ವೈರಸ್ಸಿನ ಮೈಮೇಲೆ, ಅದು ಹೊಕ್ಕ ಕೋಶದ ಮೇಲೂ, ಜಿಇ ಮತ್ತು ಜಿಐ ಎಂಬ ಜೋಡಿ ಪ್ರೋಟೀನು ಇರುತ್ತದೆ. ತೋಳು ವೈರಸ್ಸಿಗೆ ಅಂಟಿದ ಪ್ರತಿಕಾಯದ ಬಾಲವನ್ನೇ ಈ ಜೋಡಿ ಹಿಡಿದುಬಿಡುತ್ತದೆ. ಎರಡೂ ತುದಿ ಸಿಕ್ಕಿಬಿದ್ದ ಮೇಲೆ ಸಹಾಯಕ್ಕೆ ಕರೆಯೋದು ಹೇಗೆ? ಜಿಸಿ ಎಂಬ ಇನ್ನೊಂದು ಪ್ರೋಟೀನು ಕಾಂಪ್ಲಿಮೆಂಟನ್ನು ನೇರವಾಗಿಯೇ ತಡೆಯುತ್ತದೆ.

ವೈರಸ್ ನರಗಂಟಿನಲ್ಲಿ (ನರಕೋಶಗಳ ಗೊಂಚಲಿನಲ್ಲಿ) ಅಡಗಿ ಕೂರುವುದೇ ಗುಳ್ಳೆ ಮರಳಲು ಮೂಲ ಕಾರಣ. ಹೊರಬಂದಾಗ ಹರಡಲು ಈ ಪ್ರೋಟೀನುಗಳು ಅದಕ್ಕೆ ಜಾಸ್ತಿ ಸಮಯ ಕೊಡಿಸುತ್ತವೆ.