ಮಾಂಸ ಮುಟ್ಟಿದ ಮೇಲೆ ಕೈ ತೊಳೀತೀರಾ? ಹಾಗೆ ಕೇಳಬೇಡಿ

ಪ್ರಶ್ನೆ: ನಾನು ಆಹಾರ ಮತ್ತು ಪೋಷಣೆ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಮನೆಗಳಲ್ಲಿ ಮಾಂಸ, ಕೋಳಿ, ಮೊಟ್ಟೆಯನ್ನು ಎಷ್ಟು ಜೋಪಾನವಾಗಿ ಬಳಸುತ್ತಾರೆ ಎಂದು ಸರ್ವೆ ಮಾಡಬೇಕು. ಅಮೆರಿಕದ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ಮಾಡಿಕೊಂಡು ಮೊದಲು ಕೆಲವು ಮನೆಗಳಲ್ಲಿ ಕೇಳಿ ನೋಡಿದೆ. ಹಸಿ ಮಾಂಸ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತೀರಾ ಎಂದರೆ ಎಲ್ಲರೂ ಹೌದು ಎಂದರು. ಥರ್ಮಾಮೀಟರ್ ಇಟ್ಟು ಬೆಂದಿದೆಯಾ ನೋಡುತ್ತೀರಾ ಎಂದರೆ ಎಲ್ಲರೂ ಇಲ್ಲ ಎಂದರು. ಎಲ್ಲಿ ತಪ್ಪಿದೆ? ಎಷ್ಟು ಮನೆಗೆ ಹೋಗಬೇಕು?
– ಓದುಗರು, ಮಂಡ್ಯ

ಉತ್ತರ: ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಅದು ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು. ಸರ್ವೆ ಮುಗಿದ ಮೇಲೆ ಗೊತ್ತಾಗಿದ್ದರೆ ನಿಮ್ಮ ಶ್ರಮವೆಲ್ಲ ನೀರಿನಲ್ಲಿ ಹೋಮವಾಗುತ್ತಿತ್ತು.

ಮೊದಲು ಕೈ ತೊಳೆಯುವ ವಿಷಯ. ಜನ ಸುಳ್ಳು ಹೇಳುತ್ತಿಲ್ಲ. ತಾವು ತೊಳೆಯುತ್ತೇವೆ ಎಂದೇ ಅವರು ನಂಬಿದ್ದಾರೆ. ಅಮೆರಿಕದ ಕೃಷಿ ಇಲಾಖೆ 2018ರಲ್ಲಿ ಇಂಥದ್ದೇ ಒಂದು ಅಧ್ಯಯನದ ಫಲಿತಾಂಶ ಪ್ರಕಟಿಸಿತು. ಜನರನ್ನು ಒಂದು ಪರೀಕ್ಷಾ ಅಡುಗೆಮನೆಗೆ ಕರೆಸಿ, ಟರ್ಕಿ ಕೋಳಿಯ ಕೈಮದಿಂದ ಬರ್ಗರ್ ಮಾಡಲು ಹೇಳಿ, ಅವರು ಏನೇನು ಮಾಡುತ್ತಾರೆ ಎಂದು ಕ್ಯಾಮೆರಾದಲ್ಲಿ ನೋಡಿದರು. ಕೈ ತೊಳೆಯಬೇಕಾಗಿದ್ದ ಸಂದರ್ಭಗಳಲ್ಲಿ ಶೇ 97ರಷ್ಟು ಸಲ ಸರಿಯಾಗಿ ತೊಳೆದಿರಲಿಲ್ಲ. ಹೆಚ್ಚಿನವರು 20 ಸೆಕೆಂಡು ಕೂಡ ಉಜ್ಜಿರಲಿಲ್ಲ. ಸುಮಾರು ಅರ್ಧದಷ್ಟು ಸಲ ಮಸಾಲೆ ಡಬ್ಬಿಗೂ ಸೂಕ್ಷ್ಮಾಣು ಅಂಟಿತ್ತು. ನಮ್ಮ ಅಡುಗೆಯಲ್ಲಿ ಮಸಾಲೆ ಡಬ್ಬಿಗೆ ಎಷ್ಟು ಸಲ ಕೈ ಹೋಗುತ್ತದೆ ಅಂತ ಯೋಚಿಸಿ. ಮಾಂಸಕ್ಕೆ ಅರಿಶಿನ, ಉಪ್ಪು, ಖಾರದ ಪುಡಿ ಹಚ್ಚುವುದೇ ಹಸಿ ಕೈಯಲ್ಲಿ ಅಲ್ವಾ? ಈ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು.

ಆದ್ದರಿಂದ ‘ಮಾಡುತ್ತೀರಾ’ ಎಂದು ಕೇಳುವುದನ್ನು ಬಿಡಿ. ‘ಹೋದ ಸಲ ಏನು ಮಾಡಿದಿರಿ’ ಎಂದು ಕೇಳಿ. ‘ಅಕ್ಕಾ, ಹೋದ ಸಲ ಕೋಳಿ ತಂದಿದ್ದು ಯಾವತ್ತು? ಮನೆಗೆ ತಂದ ಮೇಲೆ ಒಲೆ ಮೇಲೆ ಇಡೋವರೆಗೂ ಏನೇನು ಮಾಡಿದ್ರಿ, ಒಂದೊಂದಾಗಿ ಹೇಳ್ತೀರಾ?’ ಅಷ್ಟು ಕೇಳಿ ಸುಮ್ನೆ ಇರಿ. ಅವರು ಹೇಳುತ್ತಾ ಹೋಗಲಿ. ಸೋಪಿನ ಮಾತು ಅವರ ಬಾಯಿಂದಲೇ ಬಂದರೆ ಮಾತ್ರ ಗುರುತು ಹಾಕಿ. ನಡುವೆ ‘ಆಮೇಲೆ?’ ಎನ್ನಬಹುದು. ‘ಸೋಪು ಹಾಕಿದ್ರಾ?’ ಎಂದ ಕೂಡಲೇ ಉತ್ತರ ನಿಮ್ಮದಾಗುತ್ತದೆ. ಕೊನೆಯಲ್ಲಿ, ಅವರು ಒಪ್ಪಿದರೆ, ಸಿಂಕ್ ನೋಡಿ. ಅಲ್ಲಿ ಸೋಪು ಇದೆಯಾ, ಕೈ ಒರೆಸುವ ಬಟ್ಟೆಯಲ್ಲೇ ಪಾತ್ರೆಯನ್ನೂ ಒರೆಸುತ್ತಾರಾ, ಫ್ರಿಜ್ಜಿನಲ್ಲಿ ಮಾಂಸದ ಕವರ್ ಯಾವ ಹಲಗೆಯ ಮೇಲಿದೆ ಎಂದು ಬರೆದುಕೊಳ್ಳಿ. ಕಣ್ಣಲ್ಲಿ ಕಂಡದ್ದನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಹೇಳಿದ್ದಕ್ಕೂ ಕಂಡಿದ್ದಕ್ಕೂ ಎಷ್ಟು ಅಂತರ ಎನ್ನುವುದೇ ನಿಮ್ಮ ಪ್ರಾಜೆಕ್ಟಿನ ಒಳ್ಳೆಯ ಫಲಿತಾಂಶ ಆಗಬಹುದು.

ಇನ್ನು ಥರ್ಮಾಮೀಟರ್. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎಂಬ ಅಮೆರಿಕದ ನಿಯಮ ಸರಿಯೇ. ಅಲ್ಲಿ ಇಡೀ ಕೋಳಿಯನ್ನು ಓವನ್ನಿನಲ್ಲಿ ಇಡುತ್ತಾರೆ, ಒಳಗೆ ಬೆಂದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ನಮ್ಮಲ್ಲಿ ಸಾರು ಕೊತಕೊತ ಕುದಿಯುತ್ತದೆ, ಮಟನ್ ಕುಕ್ಕರಿನಲ್ಲಿ ಕೂಗುತ್ತದೆ. ಹಸಿಯಾಗಿ ಉಳಿಯುವ ಭಯ ಅಲ್ಲಿ ಕಡಿಮೆ. ಹಾಗಾಗಿ ಆ ಪ್ರಶ್ನೆ ತೆಗೆದುಹಾಕಿ. ಅದರ ಬದಲು ಕಬಾಬ್ ಬಗ್ಗೆ ಕೇಳಿ. ಹೊರಗೆ ಕೆಂಪಗಾದ ಕಬಾಬ್ ಎಲುಬಿನ ಹತ್ತಿರ ಹಸಿಯಾಗಿರುವುದುಂಟು. ಬೆಂದಿದೆ ಅಂತ ಹೇಗೆ ಗೊತ್ತು ಮಾಡ್ಕೋತೀರಿ ಎಂದು ಕೇಳಿದರೆ ಬೇರೆ ಬೇರೆ ಉತ್ತರ ಬರುತ್ತದೆ.

ನನ್ನ ಅಭಿಪ್ರಾಯದಲ್ಲಿ ನಮ್ಮ ಅಡುಗೆಮನೆಯಲ್ಲಿ ಅಪಾಯ ಹೆಚ್ಚಾಗಿ ಇರುವುದು ಒಲೆಗೆ ಮುಂಚೆ ಮತ್ತು ಊಟ ಆದ ಮೇಲೆ. ಮುಂಚೆ ಎಂದರೆ ಕೈ, ಸಿಂಕ್, ಚಾಕು, ಈಳಿಗೆ ಮಣೆ. ಕಟಿಂಗ್ ಬೋರ್ಡ್ ಎರಡಿದೆಯಾ ಎಂಬ ಪ್ರಶ್ನೆ ಇಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಕೋಳಿಯನ್ನು ಸಾಮಾನ್ಯವಾಗಿ ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ದೊಡ್ಡ ತುಂಡನ್ನು ಮನೆಯಲ್ಲಿ ಮತ್ತೆ ಕತ್ತರಿಸಿದ ಚಾಕುವಿನಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿದರಾ? ಮಾಂಸ ತೊಳೆದ ಸಿಂಕಿನಲ್ಲೇ ಕೊತ್ತಂಬರಿ ಸೊಪ್ಪು ತೊಳೆದರಾ? ಸಾರಿಗೆ ಹೋಗುವ ಸೊಪ್ಪು ಬೇಯುತ್ತದೆ. ಮೇಲೆ ಉದುರಿಸುವ ಸೊಪ್ಪು, ತಟ್ಟೆಗೆ ಬರುವ ಹಸಿ ಈರುಳ್ಳಿ ಬೇಯುವುದಿಲ್ಲ.

ಊಟ ಆದ ಮೇಲಿನದು ಇನ್ನೂ ಮುಖ್ಯ. ಭಾನುವಾರ ಮಧ್ಯಾಹ್ನ ಮಾಡಿದ ಸಾರು ರಾತ್ರಿಗೂ ಸೋಮವಾರ ಬೆಳಿಗ್ಗೆಗೂ ಇರುತ್ತದೆ. ‘ಹಳೇ ಸಾರೇ ರುಚಿ’ ಎನ್ನುವವರು ಜಾಸ್ತಿ. ರುಚಿ ನಿಜ. ಆದರೆ 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಬೇಸಿಗೆಯಲ್ಲಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ಸಾರಿನಲ್ಲೂ ಬದುಕುತ್ತವೆ. ಆಳವಾದ ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ ಅವು ಎಚ್ಚೆತ್ತು ಹೆಚ್ಚಾಗುತ್ತವೆ. ಮತ್ತೆ ಕುದಿಸಿದರೆ ಹೀಗೆ ಬೆಳೆದವು ಸಾಯುತ್ತವೆ, ಬರೀ ಬೆಚ್ಚಗೆ ಮಾಡಿದರೆ ಸಾಯುವುದಿಲ್ಲ. ಸ್ಟಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಿಟ್ಟ ವಿಷವಂತೂ ಕುದಿಸಿದರೂ ಹೋಗುವುದಿಲ್ಲ. ಉಳಿದ ಸಾರನ್ನು ಎಲ್ಲಿಟ್ಟಿರಿ, ಎಷ್ಟು ಹೊತ್ತಿಗೆ ಫ್ರಿಜ್ಜಿಗೆ ಇಟ್ಟಿರಿ, ಕರೆಂಟ್ ಹೋಗಿತ್ತಾ, ಮತ್ತೆ ಬಿಸಿ ಮಾಡಿದಾಗ ಕುದಿ ಬಂತಾ ಎಂದು ವಿವರವಾಗಿ ಕೇಳಿ. ಫ್ರಿಜ್ ಇಲ್ಲದ ಮನೆಗೆ ಬೇರೆ ಪ್ರಶ್ನೆಗಳಿರಲಿ.

ಯಾವಾಗ ಹೋಗಬೇಕು ಎಂಬುದನ್ನೂ ಯೋಚಿಸಿ. ಶ್ರಾವಣ, ಕಾರ್ತಿಕದಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸ ಮಾಡುವುದೇ ಇಲ್ಲ. ಆಗ ‘ಹೋದ ಸಲ’ ಎಂದರೆ ತಿಂಗಳ ಹಿಂದಿನ ಮಾತು, ಯಾರಿಗೂ ನೆನಪಿರುವುದಿಲ್ಲ. ಹೊಸತೊಡಕಿನ ಮರುದಿನ ಹೋದರೆ ನೆನಪು ಚೆನ್ನಾಗಿರುತ್ತದೆ, ಆದರೆ ಅದು ನೆಂಟರು ಬಂದ ದೊಡ್ಡ ಅಡುಗೆ, ದಿನನಿತ್ಯದ್ದಲ್ಲ. ಮಾಮೂಲಿ ಸೋಮವಾರ, ಮಂಗಳವಾರದ ಸಂಜೆ ಸರಿಯಾದ ಹೊತ್ತು. ಸಂಜೆ ಹೋದರೆ ಕೆಲಸಕ್ಕೆ ಹೋಗುವ ಹೆಂಗಸರೂ ಸಿಗುತ್ತಾರೆ. ಅಡುಗೆ ಮಾಡಿದವರನ್ನೇ ಮಾತಾಡಿಸಿ. ಅಂಗಡಿಯಿಂದ ತಂದವರು ಗಂಡನೋ ಮಗನೋ ಆಗಿದ್ದರೆ, ತಂದು ಎಷ್ಟು ಹೊತ್ತು ಗಾಡಿಯಲ್ಲೇ ಇತ್ತು ಎಂಬುದನ್ನು ಅವರಿಗೆ ಕೇಳಿ.

ಒಂದು ವಿಷಯದಲ್ಲಿ ತುಂಬಾ ಎಚ್ಚರ ಇರಲಿ. ಮಾಂಸ ತಿನ್ನುವುದನ್ನು ಎಲ್ಲರೂ ಬಾಯಿಬಿಟ್ಟು ಹೇಳಲಾರರು. ಮನೆ ಮಾಲೀಕರಿಗೆ ಗೊತ್ತಾಗದಂತೆ ಮಾಡುವ ಬಾಡಿಗೆದಾರರಿದ್ದಾರೆ. ಮಕ್ಕಳಿಗೆ ಮಾತ್ರ ಮೊಟ್ಟೆ ಕೊಡುವ ಮನೆಗಳಿವೆ. ಬಾಗಿಲಲ್ಲಿ ನಿಂತು ಜೋರಾಗಿ ಕೇಳಬೇಡಿ. ಯಾವ ಪ್ರಾಣಿಯ ಮಾಂಸ ಎಂದು ಕೇಳುವ ಅಗತ್ಯವೇ ಇಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ 2021ರಿಂದ ಜಾರಿಯಲ್ಲಿದೆ. ನೀವು ಬರೆದುಕೊಂಡ ಒಂದು ಪದ ಯಾರಿಗಾದರೂ ತೊಂದರೆ ತರಬಾರದು. ‘ಮಾಂಸ’ ಎಂದಷ್ಟೇ ಬರೆಯಿರಿ. ಹೆಸರು, ಮನೆ ನಂಬರ್ ಉತ್ತರದ ಹಾಳೆಯಲ್ಲಿ ಬೇಡ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆದೇ ಹೊರಡಿ.

ಎಷ್ಟು ಮನೆ? ಸರ್ವೆಯ ಉತ್ತರಕ್ಕೂ ನಿಜಕ್ಕೂ ಇರಬಹುದಾದ ಏರುಪೇರು ಶೇ 5ರೊಳಗೆ ಇರಬೇಕೆಂದರೆ 384, ಶೇ 7 ಸಾಕೆಂದರೆ 196, ಶೇ 10 ಸಾಕೆಂದರೆ 96. ಇದು ಶೇ 95ರ ವಿಶ್ವಾಸ ಮಟ್ಟದ ಲೆಕ್ಕ, ಅಂದರೆ ಇಂಥ ನೂರು ಸರ್ವೆ ಮಾಡಿದರೆ ಸುಮಾರು 95ರಲ್ಲಿ ಉತ್ತರ ಈ ಏರುಪೇರಿನೊಳಗೇ ಇರುತ್ತದೆ. ಒಬ್ಬರೇ ಮಾಡುವ ಎಂ.ಎಸ್ಸಿ. ಕೆಲಸಕ್ಕೆ 200 ಮನೆ ಧಾರಾಳ. ವಾರ್ಡಿನಲ್ಲಿ 600 ಮನೆ ಇದ್ದರೆ ಪ್ರತಿ ಮೂರನೆಯ ಮನೆಗೆ ಹೋಗಿ. ಬೀಗ ಹಾಕಿದ್ದರೆ ಇನ್ನೊಂದು ದಿನ ಬನ್ನಿ, ಪಕ್ಕದ ಮನೆಗೆ ಜಾರಿಕೊಳ್ಳಬೇಡಿ. ಗುರುತಿನವರ ಮನೆಗಳನ್ನೇ ಸುತ್ತಿ ತುಂಬಿಸಿದ 400 ಹಾಳೆಗಿಂತ ಹೀಗೆ ಆರಿಸಿದ 200 ಹಾಳೆ ಮೇಲು.

ಪ್ರಶ್ನೆ: ನಮ್ಮ ಮನೆಗೆ ಕಾಲೇಜು ಹುಡುಗಿಯರು ಸರ್ವೆಗೆ ಬಂದಿದ್ದರು. ಚಿಕನ್ ತೊಳೀತೀರಾ ಎಂದು ಕೇಳಿ ಬರೆದುಕೊಂಡು ಹೋದರು. ತೊಳೆಯುವುದು ಸರಿಯೋ ತಪ್ಪೋ ಹೇಳಲೇ ಇಲ್ಲ. ತೊಳೆಯದೆ ಹೇಗೆ ಅಡುಗೆ ಮಾಡುವುದು?
– ಓದುಗರು, ಹಾಸನ

ಉತ್ತರ: ಪ್ರಶ್ನೆ ಕೇಳುವಾಗ ಅವರು ಹೇಳದೇ ಇದ್ದದ್ದು ಸರಿ. ಹೇಳಿದ್ದರೆ ಮುಂದಿನ ಉತ್ತರಗಳು ಬದಲಾಗುತ್ತಿದ್ದವು. ಆದರೆ ಎಲ್ಲ ಮುಗಿದ ಮೇಲೆ ಕೂತು ಹೇಳಬೇಕಿತ್ತು. ಜನ ಅರ್ಧ ಗಂಟೆ ಕೊಟ್ಟಿರುತ್ತಾರೆ, ಅವರಿಗೂ ಏನಾದರೂ ಸಿಗಬೇಕು.

ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಹನಿಗಳ ಜೊತೆ ಸುತ್ತ ಹರಡುತ್ತವೆ. 2019ರಲ್ಲಿ ಅಮೆರಿಕದ ಅದೇ ಇಲಾಖೆ ಪ್ರಕಟಿಸಿದ ಅಧ್ಯಯನದಲ್ಲಿ ಕೋಳಿಗೆ ಗುರುತಿಗೆಂದು ಹಾನಿಯಿಲ್ಲದ ಬ್ಯಾಕ್ಟೀರಿಯಾ ಸೇರಿಸಿದ್ದರು. ತೊಳೆದವರಲ್ಲಿ ಶೇ 60 ಮಂದಿಯ ಸಿಂಕಿನಲ್ಲಿ ಅದು ಸಿಕ್ಕಿತು. ಸಿಂಕ್ ಉಜ್ಜಿದ ಮೇಲೂ ಶೇ 14 ಮಂದಿಯಲ್ಲಿ ಉಳಿದಿತ್ತು. ಇನ್ನೊಂದು ಅಂಶ ನೋಡಿ. ಕೋಳಿ ತೊಳೆಯದವರಲ್ಲೂ ಶೇ 31 ಮಂದಿಯ ಹಸಿ ತರಕಾರಿಗೆ ಬ್ಯಾಕ್ಟೀರಿಯಾ ಸೇರಿತ್ತು, ಕೈ ಸರಿಯಾಗಿ ತೊಳೆಯದ ಕಾರಣ. ಕೋಳಿ ತೊಳೆಯುವುದನ್ನು ಬಿಟ್ಟರಷ್ಟೇ ಸಾಲದು, ಕೈ ತೊಳೆಯಲೇಬೇಕು.

ನಮ್ಮಲ್ಲಿ ಅಂಗಡಿಯಿಂದ ಬಂದ ಕೋಳಿಯಲ್ಲಿ ರಕ್ತ, ಪುಕ್ಕ, ಎಲುಬಿನ ಚೂರು ಇರುತ್ತದೆ. ತೊಳೆಯಲೇಬೇಡಿ ಎಂದರೆ ಯಾರೂ ಕೇಳುವುದಿಲ್ಲ, ನನಗೂ ಅದು ಗೊತ್ತು. ತೊಳೆಯುವುದೇ ಆದರೆ ನಲ್ಲಿಯ ಕೆಳಗೆ ಹಿಡಿಯಬೇಡಿ. ಅಗಲ ಪಾತ್ರೆಯಲ್ಲಿ ನೀರು ಹಾಕಿ, ಸಿಡಿಯದಂತೆ ಮೆಲ್ಲಗೆ ಅಲುಗಿಸಿ, ನೀರನ್ನು ನಿಧಾನವಾಗಿ ಚೆಲ್ಲಿ. ಸೊಪ್ಪು, ತರಕಾರಿ ಕೆಲಸ ಮೊದಲೇ ಮುಗಿಸಿಟ್ಟುಕೊಳ್ಳಿ. ಆಮೇಲೆ ಪಾತ್ರೆ, ಸಿಂಕ್, ನಲ್ಲಿಯ ಹಿಡಿಯನ್ನು ಸೋಪು ಹಾಕಿ ಉಜ್ಜಿ. ಅರಿಶಿನ, ಉಪ್ಪು ಹಚ್ಚಿದರೆ ವಾಸನೆ ಹೋಗುತ್ತದೆ, ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ನಂಬಿ ಕೂರಬೇಡಿ. ಅದನ್ನು ಕೊಲ್ಲುವುದು ಬೆಂಕಿ.

ಪ್ರಶ್ನೆ: ಅಂಗಡಿಯವರು ಮೊಟ್ಟೆ ಹೊರಗೇ ಇಟ್ಟಿರುತ್ತಾರೆ. ಮನೆಯಲ್ಲಿ ಫ್ರಿಜ್ ಬೇಕಾ? ತೊಳೆದಿಡಬೇಕಾ?
– ಓದುಗರು, ದಾವಣಗೆರೆ

ಉತ್ತರ: ತೊಳೆದಿಡಬೇಡಿ. ಚಿಪ್ಪಿನ ಮೇಲೆ ತೆಳುವಾದ ಒಂದು ಪೊರೆ ಇರುತ್ತದೆ, ಅದು ಹೋದರೆ ಸಣ್ಣ ರಂಧ್ರಗಳಿಂದ ಸೂಕ್ಷ್ಮಾಣು ಒಳಗೆ ಹೋಗುವುದು ಸುಲಭ. ಗಲೀಜಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ಬಿರುಕು ಬಿಟ್ಟದ್ದನ್ನು ಕೊಳ್ಳಬೇಡಿ. ಬೇಗ ಮುಗಿಯುವುದಾದರೆ ತಂಪಾದ ಜಾಗ ಸಾಕು, ಇಲ್ಲವಾದರೆ ಫ್ರಿಜ್ಜೇ ಮೇಲು. ಒಮ್ಮೆ ಫ್ರಿಜ್ಜಿಗೆ ಇಟ್ಟಿದ್ದನ್ನು ಹೊರಗೆ ತೆಗೆದಿಟ್ಟು ಮತ್ತೆ ಒಳಗಿಡಬೇಡಿ, ಚಿಪ್ಪು ಬೆವರುತ್ತದೆ.

ಸಾಲ್ಮೊನೆಲ್ಲಾ ಕೆಲವೊಮ್ಮೆ ಮೊಟ್ಟೆಯ ಒಳಗೇ ಇರುತ್ತದೆ. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ. ನಾಟಿ ಕೋಳಿ ಮೊಟ್ಟೆಯನ್ನು ಹಸಿಯಾಗಿ ಹಾಲಿಗೆ ಹಾಕಿ ಮಕ್ಕಳಿಗೆ ಕುಡಿಸುವ ಮನೆಗಳು ಇನ್ನೂ ಇವೆ, ದಯವಿಟ್ಟು ಅದನ್ನು ಬಿಡಿ. ನಾಟಿ ಮೊಟ್ಟೆಗೆ ಬೇರೆ ರಕ್ಷಣೆ ಏನೂ ಇಲ್ಲ. ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಹಾಫ್ ಬಾಯ್ಲ್ ಕೂಡ ಬೇಡ, ಬಿಳಿ ಮತ್ತು ಹಳದಿ ಎರಡೂ ಗಟ್ಟಿಯಾಗುವಷ್ಟು ಬೇಯಿಸಿ ಕೊಡಿ.