ಮೃದು ಜೆಲ್, ಗಟ್ಟಿ ಜೆಲ್ ಎರಡರಲ್ಲೂ ಯಾಪ್ ಕೋಶದ್ರವದಲ್ಲೇ ಉಳಿಯುವ ಬಗ್ಗೆ

ನೀವು ಬರೆದಂತೆ 1 (ಮೃದು) ಮತ್ತು 40 (ಗಟ್ಟಿ) ಕಿಲೋಪಾಸ್ಕಲ್‌ನ ಎರಡೂ ಪಾಲಿಅಕ್ರಿಲಮೈಡ್ ಜೆಲ್‌ಗಳಲ್ಲಿ ಫೈಬ್ರೊಬ್ಲಾಸ್ಟ್‌ಗಳು (ಸಂಯೋಜಕ ಅಂಗಾಂಶದ ಕೋಶಗಳು) ದುಂಡಗೇ ಉಳಿದು, ಗಟ್ಟಿ ತಳದಲ್ಲಿ ನ್ಯೂಕ್ಲಿಯಸ್‌ಗೆ ಹೋಗಬೇಕಾದ ಯಾಪ್ ಪ್ರೋಟೀನ್ ಅಲ್ಲೂ ಒಳಸೇರುತ್ತಿಲ್ಲವೆಂದರೆ, ಮೊದಲು ಅನುಮಾನಿಸಬೇಕಾದದ್ದು ಜೆಲ್‌ನ ಗಡಸುತನವನ್ನಲ್ಲ, ಕೋಶಗಳು ಅಂಟಿಕೊಳ್ಳಲೆಂದು ಬಳಿಯುವ ಫೈಬ್ರೊನೆಕ್ಟಿನ್ ಪ್ರೋಟೀನಿನ ಲೇಪನವನ್ನು. ಈ ಜೆಲ್‌ಗೆ ಪ್ರೋಟೀನ್ ತಾನಾಗಿ ಅಂಟುವುದಿಲ್ಲ. ಕೋಶದ ಮೇಲ್ಮೈಯಲ್ಲಿರುವ ಇಂಟೆಗ್ರಿನ್ ಗ್ರಾಹಕಗಳಿಗೆ ಹಿಡಿತ ಸಿಗದಿದ್ದರೆ, ಕೋಶದೊಳಗಿನ ಎಳೆಯುವ ಪ್ರೋಟೀನಾದ ಮಯೋಸಿನ್‌ನ ಎಳೆತವು ಇಂಟೆಗ್ರಿನ್‌ಗೆ ಜೋಡಿಕೊಂಡ ಟ್ಯಾಲಿನ್ ಅಣುವನ್ನು ಹಿಗ್ಗಿಸಲಾರದು, ಅದರೊಳಗೆ ಅಡಗಿರುವ, ವಿಂಕ್ಯುಲಿನ್ ಪ್ರೋಟೀನ್ ಅಂಟುವ ತಾಣಗಳು ತೆರೆದುಕೊಳ್ಳುವುದಿಲ್ಲ, ಹೀಗಾಗಿ ತಳ ಎಷ್ಟು ಗಟ್ಟಿಯಿದೆಯೆಂಬುದು ಕೋಶಕ್ಕೆ ತಿಳಿಯುವುದೇ ಇಲ್ಲ. ಕೋಶಪೊರೆಯಲ್ಲಿದ್ದು ಒತ್ತಡ-ಎಳೆತವನ್ನು ಗ್ರಹಿಸುವ ಪೀಜೋ1 ಅಯಾನು ವಾಹಿನಿಯನ್ನು ಈ ಹಂತದಲ್ಲಿ ಶಂಕಿಸಲು ಕಾರಣ ಕಾಣುವುದಿಲ್ಲ.

ಮೊದಲು, ಕೋಶಗಳಿಲ್ಲದ ಒಂದು ಜೆಲ್‌ಗೆ ಫೈಬ್ರೊನೆಕ್ಟಿನ್ ಅನ್ನು ಗುರುತಿಸುವ ಪ್ರತಿಕಾಯ ಹಾಕಿ ಲೇಪನ ಸಮನಾಗಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ, ಜೆಲ್‌ಗೆ ಪ್ರೋಟೀನನ್ನು ಜೋಡಿಸುವ ರಾಸಾಯನಿಕವಾದ ಸಲ್ಫೋ-ಸಾನ್‌ಪಾವನ್ನು ಆಗಷ್ಟೇ ಕರಗಿಸಿ, ತಡಮಾಡದೆ ಜೆಲ್ ಮೇಲೆ ಹರಡಿ, 365 ನ್ಯಾನೋಮೀಟರ್ ಬೆಳಕಿಗೆ ಒಡ್ಡಿ. ನೀರಿನಲ್ಲಿ ಸಲ್ಫೋ-ಸಾನ್‌ಪಾ ಬೇಗ ನಿಷ್ಕ್ರಿಯವಾಗುತ್ತದೆ. ತೊಳೆಯಲು ಹೆಪೆಸ್ ಬಫರ್ ಬಳಸಿ; ಟ್ರಿಸ್ ಬಫರ್ ಬೇಡವೇ ಬೇಡ, ಅದರ ಅಮೈನ್ ಗುಂಪುಗಳೇ ಸಲ್ಫೋ-ಸಾನ್‌ಪಾದೊಂದಿಗೆ ವರ್ತಿಸಿಬಿಡುತ್ತವೆ. ನಂತರ ಫೈಬ್ರೊನೆಕ್ಟಿನ್ ಹಾಕಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಿ.

ಎಷ್ಟು ಕೋಶಗಳನ್ನು ಬಿತ್ತಿದ್ದೀರೆಂದು ನೀವು ಬರೆದಿಲ್ಲವಾದ್ದರಿಂದ ಇನ್ನೊಂದು ಸಾಧ್ಯತೆಯನ್ನು ತಳ್ಳಿಹಾಕಲಾರೆ: ದಟ್ಟವಾಗಿ ಒತ್ತಿಕೊಂಡ ಕೋಶಗಳಲ್ಲಿ ಯಾಪ್ ಅನ್ನು ನಿಯಂತ್ರಿಸುವ ಹಿಪ್ಪೊ ಸಂಕೇತಪಥವು ಗಟ್ಟಿ ತಳದಲ್ಲೂ ಅದನ್ನು ನ್ಯೂಕ್ಲಿಯಸ್‌ನ ಹೊರಗೇ ತಡೆಯುತ್ತದೆ. ಆದ್ದರಿಂದ ಒಂದಕ್ಕೊಂದು ತಾಗದಷ್ಟು ವಿರಳವಾಗಿ ಬಿತ್ತಿ, ಜೊತೆಗೆ ಹೋಲಿಕೆಗೆ ಫೈಬ್ರೊನೆಕ್ಟಿನ್ ಲೇಪಿಸಿದ ಗಾಜನ್ನೂ ಇಡಿ. ಗಾಜಿನ ಮೇಲೂ ಯಾಪ್ ಒಳಗೆ ಹೋಗದಿದ್ದರೆ ತೊಂದರೆ ಜೆಲ್‌ನದಲ್ಲ, ಕೋಶಗಳದೋ ಯಾಪ್ ಗುರುತಿಸುವ ಪ್ರತಿಕಾಯದ್ದೋ ಆಗಿರುತ್ತದೆ. 40 ಕಿಲೋಪಾಸ್ಕಲ್‌ನಲ್ಲಿ ಒಳಗೆ ಹೋದರೆ, ಮಯೋಸಿನ್ ಅನ್ನು ತಡೆಯುವ ಬ್ಲೆಬಿಸ್ಟಾಟಿನ್ ಹಾಕಿ ಯಾಪ್ ಹೊರಬರುತ್ತದೆಯೇ ಎಂದು ಪರೀಕ್ಷಿಸಿ.